ಎಡಕ್ಕೆ ತಿರುಗಿದ ಇರುವೆ

"ಕೊಲೆ ಮಾಡಿದೆ ಅಂತ ಬೇಕಾದರೆ ಬರ್ಕೊಳ್ಳಿ. ಈ ಬೋರ್ಡು ನಾನು ಮಾಡಿದ್ದು ಅಂತ ಮಾತ್ರ ಬರೀಬೇಡಿ. ನನಗೂ ಮರ್ಯಾದೆ ಅಂತ ಒಂದಿದೆ."

ರಿಪೇರಿಯವನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಚೀಲವನ್ನು ಸೋಲ್ಡರಿಂಗ್ ಕಡ್ಡಿಯ ಹಿಡಿಯಿಂದ ಆಚೆ ತಳ್ಳಿದ. ಸತ್ತ ಇಲಿಯನ್ನು ಬೆರಳಿನಿಂದ ಮುಟ್ಟಲು ಮನಸ್ಸಿಲ್ಲದವರು ತಳ್ಳುವುದು ಹೀಗೆಯೇ.

ಚೀಲದಲ್ಲಿದ್ದದ್ದು ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು. ಸೋಮವಾರ ಬೆಳಿಗ್ಗೆ ತೋಟದ ಯಜಮಾನ ಪಂಪ್‌ಮನೆಯ ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಗೆ ಕೈಯಿಟ್ಟವನು ಅಲ್ಲೇ ಅಂಟಿಕೊಂಡು ಸತ್ತಿದ್ದ. ಆ ಪೆಟ್ಟಿಗೆಯೊಳಗೆ ಸಿಕ್ಕಿದ್ದು ಇದು. ಇವತ್ತು ಗುರುವಾರ.

ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಇನ್ಸ್‌ಪೆಕ್ಟರು ಕೂತಿದ್ದರು. ಬೆಳಿಗ್ಗೆ ಹತ್ತಕ್ಕೇ ಬೆನ್ನಿನ ಮೇಲೆ ಬೆವರಿಳಿಯುವ ಸೆಕೆ. ಆದರೂ ಅವರು ತುಂಬುತೋಳಿನ ಅಂಗಿಯ ಗುಂಡಿಗಳನ್ನು ಮಣಿಕಟ್ಟಿನವರೆಗೆ ಹಾಕಿಕೊಂಡಿದ್ದರು. ಪೆನ್ನಿನ ಹಿಂತುದಿಯನ್ನು ತೋಳಿನೊಳಗೆ ತೂರಿಸಿ ಮುಂಗೈ ಕೆರೆದುಕೊಂಡು, ಅದೇ ಪೆನ್ನಿನಿಂದ ಬರೆಯಲು ಶುರು ಮಾಡಿದರು.

"ಇದರ ಮೇಲೆ ನಿನ್ನ ಇರುವೆ ಇದೆಯೋ ಇಲ್ಲವೋ?"

"ಇದೆ."

"ನೀನು ಮಾಡೋ ಪ್ರತಿ ಬೋರ್ಡಿಗೂ ಮೂಲೆಯಲ್ಲಿ ಇರುವೆ ಗುರುತು ಹಾಕ್ತೀಯ. ಈ ಸುತ್ತಿನಲ್ಲಿ ಮನೆಯಲ್ಲಿ ಕೂತು ಬೋರ್ಡು ಮಾಡೋನು ನೀನೊಬ್ಬನೇ. ಹದಿನೈದು ದಿನದ ಹಿಂದೆ ಯಜಮಾನ ಇಲ್ಲಿಗೆ ಬಂದು ನಿನ್ನ ಜೊತೆ ಜಗಳ ಆಡಿದ್ದ. ಇನ್ನೇನು ಬೇಕು?"

"ಜಗಳ ಆಡಿದ್ದು ಅವನು. ನಾನು ಬೈದೆ. ಎರಡೂ ಒಂದಲ್ಲ."

"ಏನಂತ ಬೈದೆ?"

"ನನ್ನ ಬೋರ್ಡು ಕೆಡೋದಿಲ್ಲ, ನಿನ್ನ ಮನೆ ವೈರಿಂಗ್ ಕೆಟ್ಟಿದೆ, ನಿನ್ನ ತಲೆಯ ವೈರಿಂಗ್ ಅದಕ್ಕಿಂತ ಮೊದಲೇ ಕೆಟ್ಟಿತ್ತು ಅಂದೆ. ಅವನು ತಂದಿದ್ದನ್ನ ಕಸದ ಡಬ್ಬಿಗೆ ಎಸೆದೆ."

ಬಾಗಿಲ ಪಕ್ಕ ಹಳೆಯ ಬ್ಯಾಟರಿಯೊಂದರ ಮೇಲೆ ಕೂತಿದ್ದ ಮೀಟರಮ್ಮ ತುಟಿ ಬಿಗಿ ಹಿಡಿದು ನಗು ನುಂಗಿದಳು.

ಮೂವತ್ತೊಂದು ವರ್ಷ ಮನೆಮನೆಗೆ ನಡೆದು ವಿದ್ಯುತ್ ಮೀಟರು ಓದಿದವಳು ಆಕೆ. ಕೆಲಸ ಬಿಟ್ಟು ಆರು ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ. ಯಾರ ಮನೆಯ ಸ್ವಿಚ್ಚಿನ ಹಿಂದೆ ಏನು ಅಡಗಿದೆ ಎಂಬುದು ಆಕೆಗೆ ಗೊತ್ತಿದ್ದಷ್ಟು ಆ ಮನೆಯವರಿಗೇ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಊರಿನಲ್ಲಿ ಏನೇ ಒಗಟಾದರೂ ಜನ ಆಕೆಯ ಬಾಗಿಲಿಗೆ ಬರುತ್ತಿದ್ದರು. ನಿನ್ನೆ ಬಂದವಳು ರಿಪೇರಿಯವನ ಮಗಳು. "ಅಪ್ಪ ಮಾಡಿಲ್ಲ" ಎಂದು ಮೂರು ಸಲ ಹೇಳಿದ್ದಳು. ನಾಲ್ಕನೆಯ ಮಾತು ಅವಳ ಬಾಯಿಂದ ಬಂದಿರಲಿಲ್ಲ.

"ನೀವೇನಮ್ಮ ಇಲ್ಲಿ?" ಇನ್ಸ್‌ಪೆಕ್ಟರು ತಲೆಯೆತ್ತದೆ ಕೇಳಿದರು. "ಮೀಟರು ಓದೋಕಾದರೆ ಅದು ಹೊರಗಡೆ ಗೋಡೆಗಿದೆ."

"ಓದಿಕೊಂಡೇ ಒಳಗೆ ಬಂದೆ ಸ್ವಾಮಿ."

"ಓದಿ ಏನು ತಿಳೀತು?"

"ಈ ಮನೆಯಲ್ಲಿ ಇಸ್ತ್ರಿ ಜಾಸ್ತಿ ಉರಿಯುತ್ತೆ ಅಂತ."

ಅದು ಸತ್ಯವೇ. ಅರ್ಧ ಗೋಡೆಯ ಆಚೆ, ಪಕ್ಕದ ಕೋಣೆಯಲ್ಲಿ, ಮಗಳು ಊರವರ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇಪ್ಪತ್ತೆಂಟು ವರ್ಷದ ಹೆಣ್ಣು. ಎರಡು ಕೋಣೆಗಳ ಈ ಮನೆಗೆ ಅನ್ನ ಹುಟ್ಟುತ್ತಿದ್ದದ್ದು ಹೆಚ್ಚಾಗಿ ಅವಳ ಕೋಣೆಯಿಂದ. ಅವಳಪ್ಪ ಅದನ್ನು ಒಪ್ಪಿಕೊಂಡದ್ದು ಯಾರೂ ಕೇಳಿರಲಿಲ್ಲ.

ಹೊರಗೆ ಜೀಪಿನಲ್ಲಿ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರು ಎದ್ದರು. "ನಾಲ್ಕು ಗಂಟೆಗೆ ನಿನ್ನನ್ನ ದೊಡ್ಡ ಠಾಣೆಗೆ ಕಳಿಸ್ತೀನಿ. ಅಲ್ಲಿಗೆ ಹೋದವನು ತೀರ್ಪು ಬರೋವರೆಗೆ ಮನೆ ಮುಖ ನೋಡೋದಿಲ್ಲ. ಅಷ್ಟರೊಳಗೆ ಬಾಯಿ ಬಿಟ್ಟರೆ ನಿನಗೇ ಒಳ್ಳೆಯದು. ಈ ಬುಡುಬುಡುಕೆ ತಗಡಿಗೋಸ್ಕರ ನಾನು ನಾಲ್ಕು ದಿನ ಹಾಳು ಮಾಡಿದ್ದೇ ಹೆಚ್ಚು."

ಅವರು ಹೊರಗೆ ಹೋದರು. ಬಾಗಿಲಲ್ಲಿ ಪೇದೆ ನಿಂತ.

"ತಗಡಂತೆ," ಎಂದ ರಿಪೇರಿಯವನು. ಅವನ ಬೆರಳುಗಳು ಉಗುರಿನ ಬುಡದವರೆಗೆ ಕಂದು. ತಾಮ್ರ ತಿನ್ನುವ ಫೆರಿಕ್ ನೀರಿನ ಕಲೆ. ಇಪ್ಪತ್ತು ವರ್ಷದಿಂದ ಹೋಗದ ಕಲೆ. "ಮೀಟರಮ್ಮ, ನೀವು ಬನ್ನಿ. ನಿಮಗೆ ತೋರಿಸಿದರೆ ಅರ್ಥವಾದರೂ ಆಗಬಹುದು."

ಗೋಡೆಯ ಮೊಳೆಗೆ ತೂಗುಹಾಕಿದ್ದ ಬೋರ್ಡೊಂದನ್ನು ಅವನು ಇಳಿಸಿದ. ತಾಮ್ರದ ದಾರಿಗಳು ಉತ್ತ ಸಾಲಿನಂತೆ ಅಂಚು ಕೆಡದೆ ಓಡಿದ್ದವು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ತಾಮ್ರದ ಇರುವೆ.

"ಇದು ಯಾವ ಕಡೆ ನೋಡ್ತಿದೆ?"

"ಬಲಕ್ಕೆ."

"ಆ ಚೀಲದಲ್ಲಿರೋದು?"

ಮೀಟರಮ್ಮ ಕನ್ನಡಕ ಮೂಗಿಗೇರಿಸಿ ಚೀಲದ ಹತ್ತಿರ ಬಗ್ಗಿದಳು. "ಎಡಕ್ಕೆ."

"ಎಡಕ್ಕೆ! ಕತ್ತೆಗೆ ಹುಟ್ಟಿದವನು, ತಿರುವೋದನ್ನೇ ಮರೆತಿದ್ದಾನೆ."

ಅವನು ಕೂತುಕೊಂಡ. ಕೈಗೆ ಬೇಡಿ ಕಾದಿದೆ ಎಂಬುದನ್ನು ಮರೆತು, ದಡ್ಡರ ತರಗತಿಗೆ ಪಾಠ ಹೇಳುವ ಉತ್ಸಾಹ ಬಂತು ಅವನಿಗೆ.

"ಮೊದಲು ನಕ್ಷೆ. ಅದನ್ನ ಲೇಸರ್ ಪ್ರಿಂಟರಲ್ಲಿ ಹೊಳೆಯೋ ಹಾಳೆ ಮೇಲೆ ಅಚ್ಚು ಹಾಕಬೇಕು, ಕನ್ನಡಿಯಲ್ಲಿ ಕಂಡಂತೆ ತಿರುವಿ. ಹಾಳೆಯನ್ನ ತಾಮ್ರದ ಮೇಲೆ ಬೋರಲು ಹಾಕಿ ಇಸ್ತ್ರಿ ಉಜ್ಜಿದರೆ ಕಪ್ಪು ಪುಡಿ ಕರಗಿ ತಾಮ್ರಕ್ಕೆ ಅಂಟುತ್ತೆ. ಬೋರಲು ಹಾಕಿದಾಗ ಚಿತ್ರ ಇನ್ನೊಂದು ಸಲ ತಿರುಗುತ್ತಲ್ಲ, ಆಗ ಸರಿಯಾಯ್ತು. ಮೊದಲು ತಿರುವದೇ ಇದ್ದರೆ ಎಲ್ಲವೂ ಉಲ್ಟಾ. ಆಮೇಲೆ ನೀರಲ್ಲಿ ನೆನೆಸಿ ಕಾಗದ ಬಿಡಿಸೋದು, ಫೆರಿಕ್ ನೀರಲ್ಲಿ ಬಿಡೋದು. ಕಪ್ಪು ಇಲ್ಲದ ಕಡೆ ತಾಮ್ರ ತಿಂದುಹೋಗುತ್ತೆ, ಉಳಿದದ್ದು ಕರೆಂಟಿನ ದಾರಿ."

"ಅಂದರೆ ಇವನು..."

"ಯಾರೋ ನನ್ನ ಬೋರ್ಡಿನ ಫೋಟೋ ತೆಗೆದು, ಹಾಗೇ ಅಚ್ಚು ಹಾಕಿ, ಹಾಗೇ ಇಸ್ತ್ರಿ ಉಜ್ಜಿದ್ದಾನೆ. ನನ್ನ ಇರುವೆಯನ್ನೂ ಸೇರಿಸಿ! ಆಮೇಲೆ ಕಾಣಿಸಿದೆ, ಬಿಡಿಭಾಗದ ಕಾಲು ಯಾವುದೂ ಸರಿಯಾದ ತೂತಿಗೆ ಹೋಗ್ತಿಲ್ಲ ಅಂತ. ಬೋರ್ಡು ಎಸೆದು ಹೊಸದು ಮಾಡೋ ಬದಲು ಎಲ್ಲ ಭಾಗಗಳನ್ನೂ ತಾಮ್ರದ ಕಡೆಯಿಂದಲೇ ಕೂರಿಸಿ ಬೆಸೆದಿದ್ದಾನೆ. ಅಂಗಿಯನ್ನ ಒಳಮೈ ಹೊರಗೆ ಮಾಡಿ ಹಾಕ್ಕೊಂಡು ಮದುವೆಗೆ ಹೊರಟ ಹಾಗೆ. ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ. ಆದರೆ ನೋಡೋಕಾಗುತ್ತಾ?"

"ಈ ಮೂರು ಗುಂಡಿ ಏನು?" ಮೀಟರಮ್ಮ ಬೆರಳು ತೋರಿಸಿದಳು. ಬೋರ್ಡಿನ ಅಗಲವಾದ ದಾರಿಯ ಮೇಲೆ ಮೂರು ಕಡೆ ತಾಮ್ರ ದುಂಡಗೆ ತಿಂದುಹೋಗಿತ್ತು. ಮೇಲೆ ಸಣ್ಣ ತಂತಿ ಬೆಸೆದು ಸೇತುವೆ ಕಟ್ಟಿದ್ದರು. ಮೂರೂ ಒಂದೇ ಅಂತರದಲ್ಲಿ, ಸ್ವಲ್ಪ ಬಾಗಿದ ಸಾಲಿನಲ್ಲಿದ್ದವು.

"ಯಾವನಿಗೆ ಗೊತ್ತು. ಮಾಡಿದವನ ಮೊಮ್ಮಗ ಕಚ್ಚಿರಬೇಕು."

ಮೀಟರಮ್ಮ ತನ್ನ ಕೈಚೀಲದಿಂದ ಬೆಂಕಿಪೊಟ್ಟಣ ತೆಗೆದು, ಒಂದು ಕಡ್ಡಿಯನ್ನು ಗುಂಡಿಗಳ ಸಾಲಿಗೆ ಹಿಡಿದು, ಮೂರು ಕಡೆ ಉಗುರಿನಿಂದ ಗೀರು ಹಾಕಿಕೊಂಡಳು.

"ಯಜಮಾನನನ್ನ ಕೊಂದದ್ದು ಈ ಉಲ್ಟಾ ಇರೋದಾ?"

"ಅಲ್ಲ." ಅವನ ದನಿ ಮೊದಲ ಸಲ ತಗ್ಗಿತು. "ಕೊಂದದ್ದು ಸ್ಕ್ರೂ. ನೋಡಿ, ಇರುವೆ ಸುಮ್ಮನೆ ಶೋಕಿಗೆ ಹಾಕಿದ್ದಲ್ಲ. ಇರುವೆ ಇರೋ ಮೂಲೆ, ಅದರ ಎದುರು ಮೂಲೆ, ಈ ಎರಡು ಕಡೆ ಕರೆಂಟು ಸುಳಿಯೋಲ್ಲ. ಸ್ಕ್ರೂ ಅಲ್ಲೇ ಹಾಕಬೇಕು. ಇಲ್ಲಿ ಬೇರೆ ಎರಡು ಮೂಲೆಗೆ ತೂತು ಕೊರೆದಿದ್ದಾನೆ. ಒಂದಂತೂ ಮೇನ್ ಲೈನ್ ದಾರಿಯ ಹೊಟ್ಟೆ ಮೇಲೇ. ಸ್ಕ್ರೂ ಬಿಗಿದ ತಕ್ಷಣ ಇಡೀ ಕಬ್ಬಿಣದ ಪೆಟ್ಟಿಗೆಗೆ ಕರೆಂಟು. ಹಾಗೆ ಹಾಕೋನು ಒಂದೋ ಮುಠ್ಠಾಳ, ಇಲ್ಲ ಕೊಲೆಗಾರ."

"ಎರಡೂ ಆಗಿರಬಹುದಲ್ಲ."

"ತೂತು ನೋಡಿದರೇ ಗೊತ್ತಾಗುತ್ತೆ. ಅಂಚು ಹೇಗೆ ಪುಡಿಪುಡಿಯಾಗಿದೆ! ಈ ಬೋರ್ಡು ಅಂದರೆ ಗಾಜಿನ ನಾರು. ಕೊರೆಯೋವಾಗ ನೀರು ಹನಿಸ್ತಾ ಇರಬೇಕು. ಒಣ ಕೊರೆದರೆ ಕಾಣದ ಹಾಗೆ ಪುಡಿ ಹಾರಿ ಮೈಗೆ ಹತ್ತುತ್ತೆ, ಒಂದು ವಾರ ಕೆರ್ಕೋತಾ ಕೂರಬೇಕು. ಒಂದು ಸಲ ಅನುಭವಿಸಿದವನು ಮತ್ತೆ ಒಣ ಕೊರೆಯಲ್ಲ. ಕೊರೆದವನು ಈ ಕೆಲಸಕ್ಕೆ ಹೊಸಬ, ಬರೆದಿಟ್ಕೊಳ್ಳಿ."

ಮೀಟರಮ್ಮ ಬರೆದಿಟ್ಟುಕೊಳ್ಳಲಿಲ್ಲ. ಛತ್ರಿ ಹಿಡಿದು ಎದ್ದಳು.

ಅರ್ಧ ಗೋಡೆಯ ಮೇಲಿನಿಂದ ಮಗಳ ಮುಖ ಕಾಣಿಸಿತು. "ಅಪ್ಪಾ, ಒಂದು ಮಾತು..."

"ನಿನ್ನ ಕೆಲಸ ನೋಡು. ಬೋರ್ಡಿನ ವಿಷಯ ನಿನಗೇನು ತಿಳಿಯುತ್ತೆ?"

ಮುಖ ಮರೆಯಾಯಿತು. ಇಸ್ತ್ರಿಪೆಟ್ಟಿಗೆ ಸುಸ್ ಎಂದು ಉಸಿರು ಬಿಟ್ಟಿತು.

*

ಪಂಪ್‌ಮನೆ ತೋಟದ ತಗ್ಗಿನಲ್ಲಿತ್ತು. ಎರಡು ಮೈಲಿ ಏರಿಯ ಮೇಲೆ ನಡೆಯಬೇಕು. ಮೀಟರಮ್ಮ ಅವಸರ ಮಾಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಮಾಡಿದವಳಲ್ಲ. ಕಾಲುವೆಯಲ್ಲಿ ನೀರು ನಿಂತು ನಾಲ್ಕು ದಿನವಾಗಿದ್ದರಿಂದ ಕೆಸರು ಬಿರಿದು ಒಣಗಿತ್ತು.

ಪಂಪ್‌ಮನೆಯ ಬಾಗಿಲು ತೆರೆದಿತ್ತು. ಕಬ್ಬಿಣದ ಪೆಟ್ಟಿಗೆ ಖಾಲಿ ಬಾಯಿ ತೆರೆದುಕೊಂಡು ಗೋಡೆಗೆ ಅಂಟಿತ್ತು. ಆಕೆ ಮೊದಲು ಪೆಟ್ಟಿಗೆಯನ್ನಲ್ಲ, ಅದರ ಕೆಳಗಿನ ಗೋಡೆಯನ್ನು ನೋಡಿದಳು.

ಹನ್ನೊಂದು ವರ್ಷದ ಹಿಂದೆ ಇಲ್ಲಿ ಅರ್ಥಿಂಗ್ ತಂತಿ ಇರಲಿಲ್ಲ. "ನೆಲಕ್ಕೆ ತಂತಿ ಇಳಿಸೋವರೆಗೆ ನಾನು ಇಲ್ಲಿಂದ ಏಳಲ್ಲ" ಎಂದು ಆಕೆ ಇದೇ ಹೊಸ್ತಿಲ ಮೇಲೆ ಅರ್ಧ ದಿನ ಕೂತಿದ್ದಳು. ಯಜಮಾನ ಬೈದುಕೊಂಡೇ ತಂತಿ ಹಾಕಿಸಿದ್ದ. ಬೆರಳು ಗಾತ್ರದ ತಂತಿ. ಅದಿದ್ದರೆ ಪೆಟ್ಟಿಗೆಗೆ ಕರೆಂಟು ಬಂದ ಕ್ಷಣವೇ ಫ್ಯೂಸು ಹಾರಬೇಕು, ಮನುಷ್ಯ ಸಾಯಬಾರದು.

ತಂತಿ ಇತ್ತು. ಪೆಟ್ಟಿಗೆಯ ಹಿಂದುಗಡೆ, ಕೈ ಹಾಕಿ ತಡವಿದರಷ್ಟೇ ಸಿಗುವ ಜಾಗದಲ್ಲಿ, ಕತ್ತರಿಸಿಹೋಗಿತ್ತು. ಟಾರ್ಚಿನ ಬೆಳಕಿಗೆ ತುದಿ ಹೊಸ ಚಿನ್ನದಂತೆ ಹೊಳೆಯಿತು. ಹನ್ನೊಂದು ವರ್ಷದ ತಂತಿಯ ಉಳಿದ ಮೈಯೆಲ್ಲ ಕಪ್ಪು.

ಸ್ಕ್ರೂ ತಪ್ಪಾಗಿ ಬಿದ್ದಿರಬಹುದು. ಈ ತಂತಿ ತಪ್ಪಿ ಕತ್ತರಿಸಿದ್ದಲ್ಲ.

ಕಿಟಕಿಯ ಕಟ್ಟೆಯ ಮೇಲೆ ಮಾಸಲು ಬಿಳಿಯ ಪುಡಿ, ಒಂದು ಚಿಟಿಕೆಯಷ್ಟು. ಮೂಗಿನ ಹತ್ತಿರ ತಂದರೆ ವಾಸನೆಯಿಲ್ಲ. ಮೀಟರಮ್ಮ ಅದನ್ನು ಬೆಂಕಿಪೊಟ್ಟಣಕ್ಕೆ ಸುರಿದುಕೊಂಡು, ಉಳಿದದ್ದನ್ನು ಯೋಚಿಸದೆ ತನ್ನ ಎಡ ಮಣಿಕಟ್ಟಿಗೆ ತಿಕ್ಕಿದಳು.

"ಇಲ್ಲೇನು ಗುಡಿಸೋಕೆ ಬಂದಿರಾ?"

ಬಾಗಿಲಲ್ಲಿ ಸತ್ತವನ ತಮ್ಮ ನಿಂತಿದ್ದ. ಅಣ್ಣನಿಗೆ ಮಕ್ಕಳಿಲ್ಲದ್ದರಿಂದ ಸೋಮವಾರದಿಂದ ತೋಟವೆಲ್ಲ ಅವನದೇ. ಊರು ಅವನನ್ನು ಚಿಕ್ಕ ಯಜಮಾನ ಎನ್ನುತ್ತಿತ್ತು. ಈಗ ಚಿಕ್ಕ ಎಂಬ ಮಾತನ್ನು ಬಿಡಲು ಯಾರು ಮೊದಲು ಶುರು ಮಾಡಬೇಕೆಂದು ಕಾಯುತ್ತಿತ್ತು. ಅರ್ಧ ತೋಳಿನ ಅಂಗಿ, ಅದರ ಮಡಿಕೆ ಬೆರಳು ಕುಯ್ಯುವಷ್ಟು ಚೂಪು.

"ಹಳೆಯ ಮೀಟರು ನೋಡೋಣ ಅಂತ ಬಂದೆ."

"ಆರು ವರ್ಷದಿಂದ ನಿಮಗೆ ಸಂಬಳ ಇಲ್ಲ ಅಂತ ಕೇಳಿದ್ದೆ. ಬಿಟ್ಟಿ ಓದ್ತೀರಾ?"

"ಚಟ ಬಿಡಲ್ಲ. ಈ ಬೋರ್ಡು ಇಲ್ಲಿ ಕೂರಿಸಿದ್ದು ಯಾರು?"

"ಅದನ್ನ ನಿಮಗೆ ಯಾಕೆ ಹೇಳಬೇಕು?"

"ಹೇಳಬೇಡಿ. ನನಗೆ ಗೊತ್ತಿಲ್ಲ ಅಂದುಬಿಡಿ, ಹೋಗ್ತೀನಿ."

ಗೊತ್ತಿಲ್ಲ ಎನ್ನುವುದು ಅವನ ಜಾಯಮಾನವಲ್ಲ. ಅದು ಮೀಟರಮ್ಮನಿಗೆ ಅವನು ಎಂಟು ವರ್ಷದವನಿದ್ದಾಗಿನಿಂದ ಗೊತ್ತಿತ್ತು.

"ಇನ್ಯಾರು? ಆ ಕಂದುಬೆರಳಿನವನೇ. ಭಾನುವಾರ ಸಂಜೆ ಬಂದ, ಕೂರಿಸಿದ, ಹೋದ."

"ರಿಪೇರಿಯವರು? ನಡ್ಕೊಂಡು ಇಲ್ಲಿಗೆ ಬಂದರಾ?"

"ಹಾರಿಕೊಂಡು ಬರ್ತಾನಾ?"

"ಅಲ್ಲಪ್ಪ, ಆ ಮನುಷ್ಯ ಯಾರ ಮನೆ ಬಾಗಿಲಿಗೂ ಹೋಗೋನಲ್ಲ. ರೇಡಿಯೋ ಕೆಟ್ಟಿದೆ ಅಂತ ಮಾಸ್ತರರು ಹಾಸಿಗೆ ಹಿಡಿದು ಕರೆಸಿದಾಗಲೇ ಹೋಗಲಿಲ್ಲ. ಬೇಕಾದವರು ನನ್ನ ಹತ್ತಿರ ಬರಲಿ ಅಂದ."

"ಗತಿ ಇಲ್ಲದಾಗ ಗರ್ವ ಇಳಿಯುತ್ತೆ. ಹಳೆ ಕಾಗದಕ್ಕೆ ಇಸ್ತ್ರಿ ಉಜ್ಜಿ ಬೋರ್ಡು ಮಾಡೋ ಮಂದಿ. ಅಣ್ಣನಿಗೆ ಎಷ್ಟು ಸಲ ಹೇಳಿದೆ, ಕಂಪನಿ ಮಾಲು ತರಿಸು ಅಂತ. ಕೇಳಲಿಲ್ಲ. ಅವನ ಇರುವೆ ಮೇಲೆ ಏನೋ ಮೋಹ."

"ಬಂದದ್ದು ನೀವೇ ಕಣ್ಣಾರೆ ಕಂಡಿರಾ?"

"ಕಂಡೆ. ನನ್ನ ಮಾತು ಸಾಲದಿದ್ದರೆ ಇನ್ಸ್‌ಪೆಕ್ಟರನ್ನ ಕೇಳಿ. ಭಾನುವಾರ ಅವರೂ ಇಲ್ಲೇ ಇದ್ದರು. ಸಂಜೆಯವರೆಗೂ ಇದ್ದರು."

ಮೀಟರಮ್ಮ ಛತ್ರಿಯ ತುದಿಯಿಂದ ನೆಲದಲ್ಲಿ ಒಂದು ಗೆರೆ ಎಳೆದಳು. ಇನ್ಸ್‌ಪೆಕ್ಟರು ಇಲ್ಲಿದ್ದರೆ ಬೆಳಿಗ್ಗೆ ಆ ಮಾತು ಯಾಕೆ ಹೇಳಲಿಲ್ಲ? ಹೇಳಿದ್ದರೆ ರಿಪೇರಿಯವನ ವಿರುದ್ಧ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲವಲ್ಲ.

"ನೀವು ಸ್ಕ್ರೂಡ್ರೈವರ್ ಹಿಡಿಯೋದುಂಟಾ?"

"ನಾನಾ?" ಅವನು ಎರಡೂ ಕೈಗಳನ್ನು ಮುಂದೆ ಚಾಚಿ, ಮಗ್ಗುಲು ಬದಲಿಸಿ ತೋರಿಸಿದ. "ಈ ಕೈ ನೋಡಿದರೆ ಹಾಗನ್ನಿಸುತ್ತಾ? ಅದಕ್ಕೆಲ್ಲ ಜನ ಇದ್ದಾರೆ."

ಮೀಟರಮ್ಮ ನಿಧಾನವಾಗಿ ನೋಡಿದಳು. ಮೊಣಕೈಯವರೆಗೆ ಎಣ್ಣೆ ತಿಕ್ಕಿದ ನುಣುಪು. ಒಂದು ಗುಳ್ಳೆಯಿಲ್ಲ, ಒಂದು ಕೆಂಪು ಗೀರಿಲ್ಲ. ಆಕೆಗೆ ನಿರಾಸೆಯಾಯಿತು. ಬರುವಾಗ ದಾರಿಯುದ್ದಕ್ಕೂ ಆ ಕೈಗಳ ಮೇಲೇ ಲೆಕ್ಕ ಹಾಕಿಕೊಂಡು ಬಂದಿದ್ದಳು. ಕೊರೆದವನು ಇವನಲ್ಲ.

"ಅಣ್ಣ ಸತ್ತು ನಾಲ್ಕು ದಿನ," ಎಂದಳು. "ಅತ್ತಿದ್ದೀರಾ?"

"ನಿಮಗೆ ರಸೀದಿ ಕೊಡಬೇಕಾ?"

"ಬೇಡ. ಕಣ್ಣು ಕೆಂಪಾಗಿಲ್ಲ ಅಂತ ಕೇಳಿದೆ."

ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. "ಇನ್ನೊಂದು ಸಲ ಈ ಕಡೆ ಕಂಡರೆ ನಾಯಿ ಬಿಡಿಸ್ತೀನಿ."

"ನಿಮ್ಮ ನಾಯಿಗಳಿಗೆ ನಾನು ಗೊತ್ತು," ಎಂದು ಮೀಟರಮ್ಮ ಏರಿ ಹತ್ತಿದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಆಕೆಯ ಎಡ ಮಣಿಕಟ್ಟಿಗೆ ಬೆಂಕಿ ಬಿದ್ದಂತೆ ಕೆರೆತ ಶುರುವಾಯಿತು. ಕೆರೆದಷ್ಟೂ ಹೆಚ್ಚಿತು. ರಿಪೇರಿಯವನು ಸುಳ್ಳು ಹೇಳಿರಲಿಲ್ಲ.

*

ಮೂರೂವರೆಗೆ ಆಕೆ ಅಂಗಡಿಯ ಕಡೆಯಿಂದ ಬರದೆ ಹಿತ್ತಲ ಬಾಗಿಲಿನಿಂದ ಇಸ್ತ್ರಿ ಕೋಣೆಗೆ ಬಂದಳು.

ಮಗಳು ಆವಿಯ ಇಸ್ತ್ರಿಪೆಟ್ಟಿಗೆಯನ್ನು ಹಿಂತುದಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಅಂಗಿಯೊಂದರ ಕಾಲರು ಮಡಿಸುತ್ತಿದ್ದಳು. ಪೆಟ್ಟಿಗೆಯ ಹೊಳೆಯುವ ತಳ ಮೀಟರಮ್ಮನ ಕಡೆಗಿತ್ತು. ತಳದ ಅಂಚಿನಲ್ಲಿ ಆವಿ ಬಿಡುವ ತೂತುಗಳು, ಬಾಗಿದ ಸಾಲಿನಲ್ಲಿ.

ಮೀಟರಮ್ಮ ಬೆಂಕಿಕಡ್ಡಿ ತೆಗೆದಳು. ಶಾಖ ಬೆರಳಿಗೆ ತಾಗದಷ್ಟು ದೂರದಿಂದ ಹಿಡಿದಳು. ಮೂರು ಗೀರು, ಮೂರು ತೂತು. ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ತೂತಿದ್ದ ಜಾಗದಲ್ಲಿ ಹಾಳೆಗೆ ಒತ್ತಡ ಬೀಳಲಿಲ್ಲ, ಕಪ್ಪು ಅಂಟಲಿಲ್ಲ, ಫೆರಿಕ್ ನೀರು ತಾಮ್ರವನ್ನು ದುಂಡಗೆ ತಿಂದುಹಾಕಿತು.

"ನಿಮ್ಮಪ್ಪ ಬೋರ್ಡಿಗೆ ಯಾವ ಇಸ್ತ್ರಿ ಹಿಡೀತಾರೆ?"

"ತಳ ಸಪಾಟಾಗಿರೋ ಹಳೆಯದು. ಅದನ್ನ ನನಗೆ ಮುಟ್ಟೋಕೆ ಬಿಡಲ್ಲ." ಹುಡುಗಿ ತಲೆಯೆತ್ತಲಿಲ್ಲ. "ಮೀಟರಮ್ಮ, ನಾನೇ ನಿಮ್ಮನ್ನ ಕರೆದೆ. ಹೇಳೋ ಧೈರ್ಯ ಬರಲಿಲ್ಲ ಅಷ್ಟೆ."

"ಈಗ ಹೇಳು. ಮೆಲ್ಲಗೆ."

"ಅಪ್ಪ ಕಸದ ಡಬ್ಬಿಗೆ ಎಸೆದ ಬೋರ್ಡನ್ನ ನಾನು ಎತ್ತಿಟ್ಟಿದ್ದೆ. ನಿಜವಾಗಿಯೂ ಸುಟ್ಟಿತ್ತು ಅದು. ಅಪ್ಪನ ಬೋರ್ಡೂ ಕೆಡುತ್ತೆ. ಯಜಮಾನರು ಅವಮಾನ ಆಗಿ ಹೊರಗೆ ನಿಂತಿದ್ದರು. ನಾನು ಹೊಸದು ಮಾಡಿ ಕೊಡ್ತೀನಿ, ಅಪ್ಪನಿಗೆ ಹೇಳಬೇಡಿ ಅಂದೆ. ಅಪ್ಪ ಮಲಗಿದ ಮಧ್ಯಾಹ್ನಗಳಲ್ಲಿ ಮಾಡಿದೆ. ತಿರುವೋದು ಮರೆತುಹೋಯ್ತು. ತಾಮ್ರದ ತಗಡು ಇ​ನ್ನೊಂದು ಇರಲಿಲ್ಲ, ಅದನ್ನೇ ಸರಿ ಮಾಡಿದೆ."

"ಮೂಲೆಯ ತೂತು?"

"ನಾನು ಹಾಕಿಲ್ಲ." ಈಗ ಅವಳು ತಲೆಯೆತ್ತಿದಳು. "ಅಷ್ಟು ದಪ್ಪ ತೂತಿಗೆ ನನ್ನ ಹತ್ತಿರ ಡ್ರಿಲ್ ಇಲ್ಲ. ಭಾನುವಾರ ಬೆಳಿಗ್ಗೆ ಯಜಮಾನರ ಕೈಗೇ ಕೊಟ್ಟೆ. ಇರುವೆ ಇರೋ ಮೂಲೆಗೆ, ಅದರ ಎದುರು ಮೂಲೆಗೆ, ಬೇರೆಲ್ಲೂ ಬೇಡ ಅಂತ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ತೋರಿಸಿದ್ದೆ. ಅಳಿಸಿದ್ದರೂ ಗುರುತು ಉಳಿದಿರುತ್ತೆ."

ಮೀಟರಮ್ಮ ಉಸಿರು ಬಿಟ್ಟಳು. ಇಷ್ಟು ಸಾಕು. ಗುರುತು ಹಾಕಿದ್ದ ಮೂಲೆ ಬಿಟ್ಟು ಬೇರೆ ಮೂಲೆಗೆ ಕೊರೆದವನು, ಕತ್ತರಿಸಿದ ತಂತಿ, ಪಂಪ್‌ಮನೆಯಲ್ಲೇ ಬಿದ್ದ ಪುಡಿ. ಹುಡುಗಿ ಬಾಯಿಬಿಟ್ಟರೆ ಅಪ್ಪ ಉಳಿಯುತ್ತಾನೆ.

"ಇದನ್ನ ಇನ್ಸ್‌ಪೆಕ್ಟರ ಮುಂದೆ ಹೇಳ್ತೀಯಾ?"

"ಹೇಳ್ತೀನಿ. ಆದರೆ ಅಪ್ಪ..."

"ಅಪ್ಪ ಏನು?"

"ಬೈತಾರೆ. ಒಂದು ತಗಡು ಹಾಳು ಮಾಡಿದೆ ಅಂತ."

ಹೊರಗೆ ಜೀಪು ನಿಂತಿತು.

*

"ಬಾಯಿ ಬಿಟ್ಟನಾ?" ಇನ್ಸ್‌ಪೆಕ್ಟರು ಒಳಬಂದವರೇ ಪೇದೆಯನ್ನು ಕೇಳಿದರು.

"ಬೆಳಿಗ್ಗೆಯಿಂದ ಮುಚ್ಚಿಲ್ಲ ಸಾರ್," ಎಂದ ಪೇದೆ, ಸೋತ ದನಿಯಲ್ಲಿ.

ಮೀಟರಮ್ಮ ಮಗಳನ್ನು ಹಿಂದೆ ನಿಲ್ಲಿಸಿಕೊಂಡು ಮುಂದೆ ಬಂದಳು. "ಸ್ವಾಮಿ, ಒಂದೇ ಒಂದು ಕೋರಿಕೆ. ಬೋರ್ಡನ್ನ ಚೀಲದಿಂದ ತೆಗೆದು ಇವರ ಕೈಗೆ ಕೊಡಿ. ಪ್ಲಾಸ್ಟಿಕ್ಕಿನ ಆಚೆಯಿಂದ ಬೈದಿದ್ದಾರೆಯೇ ಹೊರತು ಇನ್ನೂ ಸರಿಯಾಗಿ ನೋಡಿಲ್ಲ. ಮಾಡಿದವರು ಯಾರು ಅಂತ ಕೆಲಸದಲ್ಲೇ ಇದೆ."

"ಇವನು ನೋಡಿ ಇವನೇ ತೀರ್ಪು ಕೊಡ್ತಾನಾ?" ಎಂದರು ಇನ್ಸ್‌ಪೆಕ್ಟರು. ಆದರೂ, ಆಟ ಮುಗಿದ ಮೇಲೆ ಮಕ್ಕಳಿಗೆ ಚೆಂಡು ಕೊಡುವ ಉದಾಸೀನದಿಂದ, ಚೀಲ ಬಿಚ್ಚಿ ಬೋರ್ಡನ್ನು ಮೇಜಿನ ಮೇಲೆ ಎಸೆದರು.

ರಿಪೇರಿಯವನು ಭೂತಗನ್ನಡಿ ಕಣ್ಣಿಗಿಟ್ಟುಕೊಂಡ.

"ಮೊದಲನೆಯದು, ಕಾಗದ ಪೂರ್ತಿ ಬಿಡಿಸಿಲ್ಲ. ದಾರಿಗಳ ನಡುವೆ ನಾರು ಉಳಿದಿದೆ. ಅವಸರದ ಕೈ, ಯಾರೋ ಬಂದುಬಿಡ್ತಾರೆ ಅನ್ನೋ ಹೆದರಿಕೆಯ ಕೈ. ಎರಡನೆಯದು, ಈ ಗುಂಡಿಗಳು..."

ಗೋಡೆಯಾಚೆ, ಆರಿಸಲು ಮರೆತ ಇಸ್ತ್ರಿಪೆಟ್ಟಿಗೆ ಸುಸ್ ಎಂದು ಆವಿ ಬಿಟ್ಟಿತು.

ಅವನ ಮಾತು ನಿಂತಿತು. ಕನ್ನಡಿ ಗುಂಡಿಯಿಂದ ಗುಂಡಿಗೆ ಸರಿಯಿತು. ಆಮೇಲೆ ಬೆಸುಗೆಗಳ ಮೇಲೆ. ಬಿಡಿಭಾಗಗಳು ತಾಮ್ರದ ಕಡೆಯೇ ಕೂತಿದ್ದರಿಂದ ಪ್ರತಿ ಕಾಲನ್ನೂ ಆ ಭಾಗದ ಹೊಟ್ಟೆಯ ಕೆಳಗೆ, ಬೆಂಕಿಕಡ್ಡಿ ದಪ್ಪದ ಸಂದಿಯೊಳಗೆ ಸೋಲ್ಡರಿಂಗ್ ಕಡ್ಡಿಯ ಮೊನೆ ತೂರಿಸಿ ಬೆಸೆಯಬೇಕಿತ್ತು. ಅಲ್ಲಿ ಮೂವತ್ತೆಂಟು ಬೆಸುಗೆಗಳಿದ್ದವು. ಮೂವತ್ತೆಂಟೂ ಇಬ್ಬನಿಯ ಹನಿಯಷ್ಟು ದುಂಡಗೆ, ಒಂದಕ್ಕೊಂದು ತಾಗದೆ ಹೊಳೆಯುತ್ತಿದ್ದವು.

ಅವನು ಬಹಳ ಹೊತ್ತು ನೋಡಿದ. ಇಂಥ ಬೆಸುಗೆ ತನ್ನ ಕೈಯಿಂದ ಆಗದು ಎಂಬುದನ್ನು ಅಲ್ಲಿ ಅವನೊಬ್ಬನಿಗೇ ಓದಲು ಬರುತ್ತಿತ್ತು. ಭೂತಗನ್ನಡಿ ಇಳಿಸಿದಾಗ ಅವನು ನೋಡಿದ್ದು ಮಗಳ ಬೆರಳುಗಳನ್ನು. ಉಗುರಿನ ಬುಡದಲ್ಲಿ, ಸೋಪು ಹಾಕಿ ಉಜ್ಜಿದರೂ ಹೋಗದ ತೆಳು ಕಂದು.

"ಹೇಳಯ್ಯ," ಎಂದರು ಇನ್ಸ್‌ಪೆಕ್ಟರು. "ಯಾವ ಕತ್ತೆ ಮಾಡಿದ್ದು?"

"ನಂದೇ."

"ಏನು?"

"ಈ ಬೋರ್ಡು ನಂದೇ. ನಾನೇ ಮಾಡಿದ್ದು. ಬರ್ಕೊಳ್ಳಿ."

"ರಿಪೇರಿಯಣ್ಣ!" ಎಂದಳು ಮೀಟರಮ್ಮ.

"ತಿರುವೋಕೆ ಮರೆತೆ. ವಯಸ್ಸಾಯ್ತು. ತೂತೂ ನಾನೇ ಕೊರೆದೆ, ಕೂರಿಸಿದ್ದೂ ನಾನೇ." ಅವನು ಎದ್ದು ನಿಂತು ಕೈ ಮುಂದೆ ಮಾಡಿದ. "ನಡೀರಿ, ಹೊತ್ತಾಯ್ತು."

"ಅಪ್ಪಾ! ಸುಳ್ಳು! ಸಾರ್, ಅದು ನನ್ನ..."

"ಮುಚ್ಚೇ ಬಾಯಿ!" ಅವನು ಗುಡುಗಿದ. "ಬಟ್ಟೆ ಉಜ್ಜೋಳಿಗೆ ಇಲ್ಲೇನು ಕೆಲಸ? ಬೋರ್ಡಿನ ಯಾವ ಕಡೆ ಮೇಲು ಯಾವ ಕಡೆ ಕೆಳಗು ಅಂತ ಗೊತ್ತಾ ನಿನಗೆ? ಒಳಗೆ ಹೋಗು, ಇಸ್ತ್ರಿ ಸುಟ್ಟೀತು!"

ಇನ್ಸ್‌ಪೆಕ್ಟರು ನಗುತ್ತ ಪುಸ್ತಕ ತೆರೆದರು. ಮೀಟರಮ್ಮ ಹುಡುಗಿಯ ಭುಜಕ್ಕೆ ಕೈಯಿಟ್ಟು ಮುಂದೆ ತಳ್ಳಿದಳು. "ಹೆದರಬೇಡ. ಹೇಳು. ಮೂಲೆಯ ತೂತಿನ ವಿಷಯ ಹೇಳು."

ಅಷ್ಟರಲ್ಲಿ ಆಕೆಯ ಎಡ ಮಣಿಕಟ್ಟು ಮತ್ತೆ ಉರಿಯಿತು. ಆಕೆ ಕೆರೆದುಕೊಂಡಳು.

ಎದುರಿಗೆ ಇನ್ಸ್‌ಪೆಕ್ಟರು, ಬರೆಯುವುದನ್ನು ನಿಲ್ಲಿಸಿ, ತೋಳಿನ ಗುಂಡಿ ಬಿಚ್ಚಿ, ಉಗುರಿನಿಂದ ಪರಪರನೆ ಮುಂಗೈ ಕೆರೆದುಕೊಂಡರು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಕೆಂಪಗೆ ದದ್ದು ದದ್ದಾಗಿ ಎದ್ದಿತ್ತು. ನಾಲ್ಕು ದಿನದ ಕೆಂಪು. ಅದು ಯಾವುದರ ಕೆರೆತ ಎಂಬುದು ಪಾಪ ಅವರಿಗೇ ಗೊತ್ತಿರಲಿಲ್ಲ. ರಿಪೇರಿಯವನು ಪಾಠ ಹೇಳುವಾಗ ಅವರು ಜೀಪಿನಲ್ಲಿ ಫೋನು ಹಿಡಿದಿದ್ದರು.

ಭಾನುವಾರ ಸಂಜೆಯವರೆಗೂ ಇದ್ದರು.

"ಸಾರ್, ಆ ಬೋರ್ಡಿಗೆ ಮೂಲೆಯ ತೂತು..." ಎಂದು ಹುಡುಗಿ ಶುರು ಮಾಡಿದ್ದಳು.

"ಸಾಕು ನಿಲ್ಲಿಸೇ!" ಮೀಟರಮ್ಮ ಅವಳ ಭುಜ ಹಿಂದಕ್ಕೆ ಜಗ್ಗಿದಳು. "ಅಪ್ಪ ಒಪ್ಪಿಕೊಂಡ ಮೇಲೆ ನಿಂದೇನು ನಡುವೆ? ತೂತಂತೆ, ಮೂಲೆಯಂತೆ. ನಿನಗೆ ಯಾರು ಹೇಳಿಕೊಟ್ಟರು ಇದೆಲ್ಲ? ಇಸ್ತ್ರಿ ಮಾಡೋಳು ಇಸ್ತ್ರಿ ಮಾಡು."

ಹುಡುಗಿ ತಿರುಗಿ ನೋಡಿದಳು. ಅಪ್ಪ ಇಪ್ಪತ್ತು ವರ್ಷ ಬೈದಾಗಲೂ ಅವಳ ಕಣ್ಣಿನಲ್ಲಿ ಬಾರದಿದ್ದ ಒಂದು ತಿರಸ್ಕಾರ ಈಗ ಬಂತು. ಅದು ಪೂರ್ತಿ ಮೀಟರಮ್ಮನ ಪಾಲಿಗೇ ಬಂತು. ಮೀಟರಮ್ಮ ಅದನ್ನು ಮುಖ ಕೊಟ್ಟು ತೆಗೆದುಕೊಂಡಳು. ಕೆರೆಯುತ್ತಿದ್ದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಬೇಡಿ ಬಿತ್ತು. ರಿಪೇರಿಯವನು ಬಾಗಿಲು ದಾಟುವಾಗ ಯಾರನ್ನೂ ನೋಡಲಿಲ್ಲ. ಪೇದೆ ಅವನನ್ನು ಜೀಪಿನ ಹಿಂದೆ ಹತ್ತಿಸಿದ. ಇಂಜಿನ್ನು ಚಾಲೂ ಆಯಿತು.

ಆಮೇಲೆ ನಿಂತಿತು.

ಇನ್ಸ್‌ಪೆಕ್ಟರು ಇಳಿದು, ತೋಳಿನ ಗುಂಡಿ ಹಾಕಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಇಟ್ಟು ಅಂಗಡಿಯ ಬಾಗಿಲಿಗೆ ವಾಪಸು ಬಂದರು. ನೋಟ ಮೀಟರಮ್ಮನನ್ನು ದಾಟಿ ಹಿಂದಿನ ಕೋಣೆಗೆ ಹೋಗಿತ್ತು.

"ಅಂದ ಹಾಗೆ," ಎಂದರು, ಬಹಳ ಮೆತ್ತಗೆ, "ಆ ಹುಡುಗಿ ಯಾವುದೋ ತೂತಿನ ವಿಷಯ ಹೇಳೋಕೆ ಹೊರಟಿದ್ದಳಲ್ಲ. ಅದೇನು ಪೂರ್ತಿ ಕೇಳಿಬಿಡೋಣ. ಕರೀರಿ ಅವಳನ್ನ."